ಹಳದಿಯ ಪಾಲು

ಮೊಟ್ಟೆಯ ಬಿಳಿಯನ್ನು ಹಳದಿಯಿಂದ ಬೇರೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಈ ಹೈದರಾಬಾದಿನಲ್ಲಿ ಯಾರೂ ಇರಲಿಕ್ಕಿಲ್ಲ. ಬಟ್ಟಲಿನ ಅಂಚಿಗೆ ಒಂದೇ ಪೆಟ್ಟು ಕೊಡಬೇಕು, ಚಿಪ್ಪು ಸರಿಯಾಗಿ ನಡುವೆ ಒಡೆಯಬೇಕು. ಹಳದಿಯನ್ನು ಈ ಚಿಪ್ಪಿನಿಂದ ಆ ಚಿಪ್ಪಿಗೆ ಮೂರು ಸಲ ದಾಟಿಸಿದರೆ ಬಿಳಿಯೆಲ್ಲ ಜಾರಿ ಗ್ಲಾಸಿಗಿಳಿಯುತ್ತದೆ. ದಿನಕ್ಕೆ ನಾಲ್ಕರಂತೆ ಒಂಬತ್ತು ವರ್ಷ ಮಾಡಿದ ಕೆಲಸ ಇದು. ಬಿಳಿ ನನ್ನ ಗಂಡನಿಗೆ, ಹಳದಿ ನನಗೆ.

ನನ್ನ ಗಂಡ ಅಮರೇಶಪ್ಪನವರಿಗೆ ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ. ಸೇಡಂನಿಂದ ಬಂದು ಇಪ್ಪತ್ತಾರು ವರ್ಷವಾಯಿತು. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ಬಜಾರಿನಲ್ಲಿ ಅವರ ಹೆಸರಿಗಿಂತ ಅವರ ಮೀಸೆಗೇ ಹೆಚ್ಚು ಪರಿಚಯ. ಐವತ್ತೆರಡು ವರ್ಷವಾದರೂ ತಲೆ ತುಂಬ ಕಪ್ಪು ಕೂದಲು, ಕೆನ್ನೆಯ ತನಕ ತಿರುವಿದ ಮೀಸೆ. ಬೆಳಿಗ್ಗೆ ಅರ್ಧ ಗಂಟೆ ಕನ್ನಡಿಯ ಮುಂದೆ ನಿಂತು ಮೀಸೆಗೆ ಕೊಬ್ಬರಿ ಎಣ್ಣೆ ಸವರದಿದ್ದರೆ ಅವರಿಗೆ ದಿನ ಶುರುವಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಊರ ತಾಲೀಮಿನಲ್ಲಿ ಕುಸ್ತಿ ಕಲಿತವರು. ಮೊಟ್ಟೆ ಕುಡಿಯುವ ಚಟ ಹತ್ತಿದ್ದು ಅಲ್ಲಿಂದಲೇ.

ಒಂಬತ್ತು ವರ್ಷದ ಹಿಂದೆ ಸೇಡಂನಲ್ಲಿ ಅವರ ಅಣ್ಣ ಎದೆನೋವಿನಿಂದ ತೀರಿಕೊಂಡರು. ನಲವತ್ತೊಂಬತ್ತು ವಯಸ್ಸು. ಮಣ್ಣು ಮುಗಿಸಿ ಬಂದ ವಾರದಲ್ಲೇ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಆಗಷ್ಟೇ ಟೈಫಾಯ್ಡಿನಿಂದ ಎದ್ದಿದ್ದೆ. ಒಲೆಯ ಮುಂದೆ ನಿಂತರೆ ಕಾಲು ನಡುಗುತ್ತಿತ್ತು.

"ಸುಂದರಾ, ಇವತ್ತಿಂದ ಹಳದಿ ನಿನಗ. ತತ್ತಿಯ ಸತ್ವ ಎಲ್ಲಾ ಅದರಾಗ ಐತಿ. ನೀ ಭಾಳ ಸೊರಗಿ. ನನಗ ಬರೇ ಬಿಳಿ ಸಾಕು," ಎಂದರು.

ಮದುವೆಯಾದಾಗಿನಿಂದ ತಮ್ಮ ತಟ್ಟೆಯಿಂದ ಒಂದು ತುತ್ತು ತೆಗೆದು ನನಗೆ ಕೊಟ್ಟವರಲ್ಲ. ಅವತ್ತು ನಾನು ಈರುಳ್ಳಿ ಹೆಚ್ಚುತ್ತ ಅತ್ತೆ. ಈರುಳ್ಳಿಯ ನೆಪ ಸಿಕ್ಕಿದ್ದು ಒಳ್ಳೆಯದೇ ಆಯಿತು. ಮಧ್ಯಾಹ್ನವೇ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವ್ವ ಓಣಿಗೆಲ್ಲ ಹೇಳಿದಳು. ಪಕ್ಕದ ಮನೆಯ ಸುಭದ್ರಾಗೆ ನಾನೇ ಹೇಳಿದೆ, ಒಂದು ಸಲವಲ್ಲ, ಹತ್ತು ಸಲ. ಎರಡು ವರ್ಷದ ಹಿಂದೆ ಅವ್ವ ಸಾಯುವ ಮುಂಚೆ ನನ್ನ ಕೈ ಹಿಡಿದು, "ನಿನ್ನ ಗಂಡ ಬಂಗಾರದಂಥಾವ. ತಾ ಬಿಟ್ಟು ನಿನಗ ತಿನಸ್ತಾನ," ಎಂದು ಸಮಾಧಾನದಿಂದ ಕಣ್ಣು ಮುಚ್ಚಿದಳು.

ಆಗ ಹೈಸ್ಕೂಲಿನಲ್ಲಿದ್ದ ನಮ್ಮ ಮಗಳು ಪಿಂಕಿಗೆ ಮಾತ್ರ ಹಳದಿ ಕೊಡಕೂಡದು. "ಹುಡುಗಿಗೆ ಉಷ್ಣ ಆಗ್ತೈತಿ," ಎಂದು ಅವರೇ ತಡೆದಿದ್ದರು. ಅವಳಿಗೆ ಹಾಲು, ಬಾದಾಮಿ. ಹಳದಿ ನಾಲ್ಕೂ ನನ್ನವು. ಈರುಳ್ಳಿ, ಹಸಿಮೆಣಸಿನಕಾಯಿ, ಒಂದಿಷ್ಟು ಅರಿಶಿನ ಹಾಕಿ ಹುರಿದು ರೊಟ್ಟಿಯೊಂದಿಗೆ ತಿನ್ನುತ್ತಿದ್ದೆ. ನನ್ನಷ್ಟು ಸುಖವಾಗಿ ಊಟ ಮಾಡುವವಳು ಗಲ್ಲಿಯಲ್ಲಿ ಇನ್ನೊಬ್ಬಳಿಲ್ಲ ಅನ್ನಿಸುತ್ತಿತ್ತು.

ಒಂದೇ ಒಂದು ವಿಷಯದಲ್ಲಿ ನಾನು ಅವರ ಮಾತು ಕೇಳುತ್ತಿರಲಿಲ್ಲ. ತಾಲೀಮಿನ ಪದ್ಧತಿಯೆಂದರೆ ತಣ್ಣನೆಯ ಹಾಲಿಗೆ ಹಸಿ ಬಿಳಿ ಕಲಸಿ ಗಟಗಟನೆ ಕುಡಿಯುವುದು. ಆ ಹಸಿ ವಾಸನೆ ನನಗೆ ಆಗುತ್ತಿರಲಿಲ್ಲ. ಇವರ ಹೊಟ್ಟೆ ಕೆಟ್ಟೀತೆಂಬ ಹೆದರಿಕೆಯೂ ಇತ್ತು. ಅದಕ್ಕೇ ಹಾಲನ್ನು ಕುದಿಸಿ, ಕುದಿಯುತ್ತಿರುವಾಗಲೇ ಬಿಳಿಯನ್ನು ಸುರಿದು, ಬೇಯುವ ತನಕ ಕಡೆಯುತ್ತಿದ್ದೆ. ಅವರು ದಿನವೂ ಗೊಣಗುವರು. "ತಾಲೀಮಿನ್ಯಾಗ ಹಸೀದ ಕುಡಿತಾರ. ನೀ ಕುದಿಸಿ ಸತ್ವ ಸುಡಾಕತ್ತಿ." ಗೊಣಗಲಿ ಎಂದು ನಾನು ಬಿಟ್ಟುಬಿಟ್ಟಿದ್ದೆ.

ಇಷ್ಟು ನನ್ನ ಸುಖದ ಕಾಲದ ಕಥೆ. ಅದು ಈ ವರ್ಷದ ಸಂಕ್ರಾಂತಿಯ ಮರುದಿನ ಮುಗಿಯಿತು.

ಅಂಗಡಿಯ ಆಳು ಹಬ್ಬಕ್ಕೆ ಊರಿಗೆ ಹೋಗಿದ್ದರಿಂದ ಊಟದ ಡಬ್ಬಿಯನ್ನು ನಾನೇ ಒಯ್ದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮೇಲಿನ ಗೋದಾಮಿನಿಂದ ಮಾತು ಕೇಳಿಸುತ್ತಿತ್ತು. ಮೆಟ್ಟಿಲು ಹತ್ತಿದೆ. ಕೊಡಗಳ ಸಾಲಿನ ಆ ಕಡೆ ಇವರೂ ಇವರ ಗೆಳೆಯ ಸೂಗಪ್ಪನೂ ಕುಳಿತಿದ್ದರು. ಸೂಗಪ್ಪ ಹುಣಸೆಹಣ್ಣಿನ ದಲ್ಲಾಳಿ, ನಮ್ಮ ಕಡೆಯವನೇ. ಬೀದಿಯ ಬಂಡಿಯಿಂದ ಆಮ್ಲೇಟ್ ಕಟ್ಟಿಸಿಕೊಂಡು ಬಂದಿದ್ದ.

"ಒಂದು ತುಣುಕು ತಗೋ ಅಮರೇಶಪ್ಪ, ಭಾಳ ಚಲೋ ಮಾಡ್ಯಾನ."

"ಹಳದಿ ಕೂಡಿಸ್ಯಾನಲ್ಲ, ನಾ ಮುಟ್ಟಂಗಿಲ್ಲ," ಎಂದರು ಇವರು. "ನಮ್ಮಣ್ಣ ಸತ್ತಾಗ ಡಾಕ್ಟರು ಹೇಳ್ಯಾರ. ಹಳದಿ ಅಂದ್ರ ವಿಷ ಇದ್ದಂಗ, ಸೀದಾ ಎದಿಗೆ ಹೋಗಿ ಕುಂದರ್ತೈತಿ."

"ಮತ್ತ ದಿನಾ ನಾಕು ತತ್ತಿ ಅಂತಿ. ಹಳದಿ ಏನ್ ಮಾಡ್ತಿ, ಚೆಲ್ತಿಯೇನು?"

"ಚೆಲ್ಲೋದ್ಯಾಕ? ಮನ್ಯಾಗ ಆಕಿ ತಿಂತಾಳ."

ಸೂಗಪ್ಪನ ದವಡೆ ನಿಂತಿತು. "ವಿಷ ಅಂತಿ, ಹೆಂಡ್ತಿಗೆ ತಿನಸ್ತಿ?"

"ಏ, ಒಂಬತ್ತು ವರ್ಷ ಆತು. ಕಲ್ಲಿದ್ದಂಗ ಅದಾಳ."

"ನಾಳೆ ಏನರ ಆದ್ರ?"

"ಆದಾಗ ನೋಡೋಣು," ಎಂದರು ನನ್ನ ಗಂಡ.

ಸೂಗಪ್ಪ ಕೈಯಲ್ಲಿದ್ದ ತುಣುಕನ್ನು ಗೋದಾಮು ಕಾಯುವ ನಾಯಿಯ ಕಡೆ ಎಸೆಯಲು ಹೋದ. ಇವರು ಅವನ ಕೈ ಹಿಡಿದರು. "ಅದಕ್ಕ ಹಾಕಬ್ಯಾಡ ಮಾರಾಯ. ಅದು ಸತ್ತರ ಗೋದಾಮು ಕಾಯೋರು ಯಾರು?" ಇಬ್ಬರೂ ನಕ್ಕರು.

ನಾನು ಸದ್ದಿಲ್ಲದೆ ಇಳಿದು, ಡಬ್ಬಿಯನ್ನು ಕೆಳಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬಂದೆ. ಸುಲ್ತಾನ್ ಬಜಾರಿನ ಗದ್ದಲದಲ್ಲಿ ಯಾರ್‍ಯಾರಿಗೋ ಡಿಕ್ಕಿ ಹೊಡೆದು, ಬೈಸಿಕೊಂಡು ಮನೆ ಸೇರಿದೆ. ಮೊದಲು ಆದದ್ದು ಹೆದರಿಕೆ. ಒಂಬತ್ತು ವರ್ಷ, ದಿನಕ್ಕೆ ನಾಲ್ಕು. ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತೆ. ಆಮೇಲೆ ಅವ್ವ ನೆನಪಾದಳು, ಅವಳ ಬಂಗಾರದ ಅಳಿಯ ನೆನಪಾದ. ಆಗ ಹೆದರಿಕೆ ಹೋಗಿ ಸಿಟ್ಟು ಬಂತು. ಹಳದಿಯನ್ನು ಚರಂಡಿಗೆ ಸುರಿದಿದ್ದರೂ ನಾನು ಅವರನ್ನು ಕ್ಷಮಿಸುತ್ತಿದ್ದೆ. ಮಗಳಿಗೆ ಬೇಡ, ನಾಯಿಗೆ ಬೇಡ, ನನಗೆ ಮಾತ್ರ ಆಗುತ್ತದೆ. ಅದನ್ನು ಪ್ರೀತಿ ಎಂದು ಊರೆಲ್ಲ ಸಾರಿದವಳು ನಾನು. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಆ ತಿಂಗಳ ಕೊನೆಗೆ ನಮ್ಮ ಗಲ್ಲಿಯ ಸಮುದಾಯ ಭವನದಲ್ಲಿ ಹೆಂಗಸರ ಆರೋಗ್ಯ ತಪಾಸಣೆ ನಡೆಯಿತು. ಎಲ್ಲರಿಗಿಂತ ಮೊದಲು ಹೋಗಿ ರಕ್ತ ಕೊಟ್ಟವಳು ನಾನೇ. ಫಲಿತಾಂಶ ಬರಲು ಮೂರು ದಿನ. ಗೋದಾಮಿನಿಂದ ಬಂದ ದಿನದಿಂದಲೇ ಒಂದು ಹಳದಿಯನ್ನೂ ಬಾಯಿಗಿಟ್ಟಿರಲಿಲ್ಲ, ಗುಟ್ಟಾಗಿ ಚೆಲ್ಲುತ್ತಿದ್ದೆ. ನಾನು ಸತ್ತರೆ ಪಿಂಕಿಗೆ ಯಾರು ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತ್ತು.

ಆಹಾರದ ಸಲಹೆ ಕೊಡಲು ಬಂದಿದ್ದವಳು ಸಪ್ನಾ ಎಂಬ ಹುಡುಗಿ. ಬೀದರದವಳು, ತೆಲುಗು, ಹಿಂದಿ, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಮಾತಾಡುವವಳು. ನನ್ನ ಚೀಟಿ ನೋಡಿ, "ಆಂಟಿ, ಎಲ್ಲಾ ಚಲೋ ಐತ್ರಿ. ಕೊಲೆಸ್ಟ್ರಾಲ್ ಒಂಚೂರು ಮ್ಯಾಲ ಐತಿ, ಆದ್ರ ಒಳ್ಳೇ ಕೊಲೆಸ್ಟ್ರಾಲೂ ಮ್ಯಾಲ ಐತಿ. ಬಿಪಿ, ಶುಗರ್ ಎರಡೂ ಇಲ್ಲ. ಅಂಜಬ್ಯಾಡ್ರಿ," ಎಂದಳು.

ನಾನು ನಂಬಲಿಲ್ಲ. ದಿನಕ್ಕೆ ನಾಲ್ಕು ಹಳದಿ, ಒಂಬತ್ತು ವರ್ಷ ಎಂದು ಹೇಳಿದೆ. ಅವಳು ಕಣ್ಣರಳಿಸಿ ನಕ್ಕಳು. "ನಾಕು ಭಾಳ ಆತ್ರಿ. ದಿನಕ್ಕ ಒಂದು ತತ್ತಿ ಸಾಕು. ಆದ್ರ ಹಳದಿ ವಿಷ ಅಲ್ಲ. ಮೊದಲು ಹಂಗ ಹೆದರಸ್ತಿದ್ರು. ತತ್ತಿಯಾಗಿನ ಕೊಬ್ಬು ಇದ್ದದ್ದು ಇದ್ದಂಗ ಹೋಗಿ ರಕ್ತದಾಗ ಕುಂದ್ರಂಗಿಲ್ಲ. ಶುಗರ್ ಇದ್ದವರು, ಹೃದಯದ ರೋಗ ಇದ್ದವರು ಮಾತ್ರ ಡಾಕ್ಟರನ್ನ ಕೇಳಿ ತಿನ್ನಬೇಕು. ಕಣ್ಣಿಗೆ, ಎಲುಬಿಗೆ ಬೇಕಾದ ವಿಟಮಿನ್ ಎಲ್ಲಾ ಹಳದಿಯಾಗ ಅದಾವು. ಅದು ಸರಿ, ಬಿಳಿ ಯಾರು ತಿಂತಾರ್ರಿ?"

"ನಮ್ಮ ಮನೆಯವರು. ಹಾಲಿನ್ಯಾಗ."

"ಹಸೀದೇನ್ರಿ?" ಅವಳ ಮುಖದ ನಗೆ ಹೋಯಿತು.

ಇಲ್ಲ, ಕುದಿಯುವ ಹಾಲಿನಲ್ಲಿ ಬೇಯಿಸಿ ಕೊಡುತ್ತೇನೆ ಎಂದೆ. ಅವಳಿಗೆ ನಿರಾಳವಾಯಿತು. "ಹಂಗ ಮಾಡ್ರಿ. ಹಸೀ ಬಿಳಿ ಒಳಗ ಒಂದು ವಸ್ತು ಇರ್ತೈತಿ, ಅದು ಬಯೋಟಿನ್ ಅನ್ನೋ ವಿಟಮಿನ್ನ ಹಿಡ್ಕೊಂಡು ಹೊರಗ ಹಾಕ್ತೈತಿ. ದಿನಾ ಅಷ್ಟಷ್ಟು ಹಸೀದು ಕುಡಿದ್ರ ಕೂದಲು ಉದರ್ತಾವು, ಮುಖದ ಮ್ಯಾಲ ಗಾಯ ಏಳ್ತಾವು, ಕೈಕಾಲು ಜೋಮು ಹಿಡಿತಾವು. ಬೇಯಿಸಿದ್ರ ಆ ಗುಣ ಸಾಯ್ತೈತಿ. ಮಜಾ ಏನು ಗೊತ್ತೇನ್ರಿ ಆಂಟಿ, ಆ ವಿಟಮಿನ್ ಇರೋದ ಹಳದಿಯಾಗ. ಮನಿಗೆ ಹೋಗಿ ಹೇಳ್ರಿ."

ಹೇಳುತ್ತೇನೆ ಎಂದು ಬಂದೆ. ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಒಲೆ ಹೊತ್ತಿಸಲಿಲ್ಲ. ಫ್ರಿಜ್ಜಿನಿಂದ ತಣ್ಣನೆಯ ಹಾಲು ತೆಗೆದೆ. ನಾಲ್ಕು ಹಸಿ ಬಿಳಿ ಕಲಸಿ, ಮೂಗು ಮುಚ್ಚಿಕೊಂಡು ಅವರ ಕೈಗಿಟ್ಟೆ.

"ಇದು ನೋಡು ತಾಲೀಮಿನ ರುಚಿ!" ಎಂದು ಮೀಸೆಗೆ ಹತ್ತಿದ ನೊರೆ ಒರೆಸಿಕೊಂಡರು. "ಈಗ ಬುದ್ಧಿ ಬಂತು ನಿನಗ."

"ಹೌದ್ರಿ, ಈಗ ಬಂತು," ಎಂದೆ.

ಕೇಳಿದ್ದನ್ನು ಕೇಳಿದಂತೆ ಮಾಡಿಕೊಡುವ ಹೆಂಡತಿಯನ್ನು ಯಾವ ಪಂಚಾಯಿತಿ ತಪ್ಪು ಎಂದೀತು? ಆದರೂ ನಾನು ಒಂದು ಬಾಗಿಲು ತೆರೆದಿಟ್ಟಿದ್ದೆ. ಈ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ನನ್ನ ಕಡೆ ನೋಡಿ "ಸುಂದರಾ, ಹಳದಿ ತಿಂದು ನಿನಗ ಏನೂ ಆಗಿಲ್ಲಲ್ಲ?" ಎಂದು ಕೇಳಲಿ. ಆ ಕ್ಷಣ ಎಲ್ಲ ಹೇಳಿಬಿಡುತ್ತೇನೆ, ಹಾಲನ್ನೂ ಕುದಿಸುತ್ತೇನೆ, ಗೋದಾಮಿನಲ್ಲಿ ಕೇಳಿದ್ದನ್ನು ನುಂಗಿಕೊಂಡು ಬದುಕುತ್ತೇನೆ ಎಂದು ಮನೆದೇವರ ಮುಂದೆ ನಿಂತು ಹೇಳಿಕೊಂಡೆ.

ಒಂದು ತಿಂಗಳು ಕಾದೆ. ಕೇಳುವ ಲಕ್ಷಣ ಕಾಣದಿದ್ದಾಗ ನಾನೇ ನಾಟಕ ಹೂಡಿದೆ. ಒಂದು ಭಾನುವಾರ ಊಟಕ್ಕೆ ಬಡಿಸುತ್ತ ಸೌಟು ಬಿಟ್ಟು, ಎದೆ ಹಿಡಿದುಕೊಂಡು ಗೋಡೆಗೊರಗಿದೆ. "ಯಾಕೋ ಎದಿ ಹಿಡಿದಂಗ ಆಗಾಕತ್ತೈತ್ರಿ."

ಅವರ ಮುಖದ ಬಣ್ಣ ಹೋಯಿತು. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಅವರ ಕಣ್ಣು ಸೀದಾ ಹೋದದ್ದು ಒಲೆಯ ಪಕ್ಕದಲ್ಲಿದ್ದ ನನ್ನ ಹಳದಿಯ ಬಟ್ಟಲಿನ ಕಡೆಗೆ. ಗೊತ್ತಿದ್ದವರ ನೋಟ ಅದು. ಈಗ ಕೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ನಿಜವಾಗಿಯೂ ಎದೆ ಹೊಡೆದುಕೊಳ್ಳುತ್ತಿತ್ತು.

"ಗ್ಯಾಸ್ ಇರಬೇಕು," ಎಂದರು. "ಇಂಗು ತಿನ್ನು."

ತಟ್ಟೆಯಲ್ಲಿ ಬಿದ್ದ ತುತ್ತನ್ನು ಮತ್ತೆ ಕಲಸಿಕೊಂಡರು. ಪಿಂಕಿ ಓಡಿಬಂದು ನೀರು ಕೊಟ್ಟಳು. ಮರುದಿನ ಬೆಳಿಗ್ಗೆ ಏನು ಮಾಡುತ್ತಾರೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಹಾಲು ಕುಡಿದು, ಗ್ಲಾಸು ಇಟ್ಟು, ಹಳದಿಯ ಬಟ್ಟಲನ್ನು ಎಂದಿನಂತೆ ನನ್ನ ಕಡೆ ಸರಿಸಿದರು.

ಅವತ್ತೇ ನಾನು ನಾಲ್ಕನ್ನು ಎಂಟು ಮಾಡಿದೆ. "ಈಗಿನ ಜಿಮ್ ಹುಡುಗರು ಎಂಟು ತಗೋತಾರಂತ್ರಿ. ನೀವೇನು ಅವರಿಗಿಂತ ಕಡಿಮಿ?" ಎಂದೆ. ಅವರ ಎದೆ ಎರಡು ಇಂಚು ಉಬ್ಬಿತು. ಎಂಟು ಹಳದಿಯಲ್ಲಿ ಒಂದನ್ನು ನಾನು ತಿನ್ನುತ್ತಿದ್ದೆ. ಉಳಿದವನ್ನು ಹುರಿದು ಎದುರು ಕಟ್ಟಡದ ಕೆಲಸಕ್ಕೆ ಬರುವ ಶಿವಗಂಗಾಗೆ ಕೊಡುತ್ತಿದ್ದೆ. ಯಾದಗಿರಿ ಕಡೆಯ ಹೆಣ್ಣುಮಗಳು, ಹಸಿಬಾಣಂತಿಯಾಗಿ ಇಟ್ಟಿಗೆ ಹೊರುತ್ತಿದ್ದಳು. ಅವಳು ತನ್ನ ಜೊತೆಯವರಿಗೂ ಹಂಚಿ ತಿಂದು, ನನ್ನನ್ನು ಬಾಯಿತುಂಬ ಹರಸುತ್ತಿದ್ದಳು. ಇಂಥ ಹೆಂಗಸಿಗೆ ಆ ಹಾರೈಕೆ ಸಲ್ಲುತ್ತದೆಯೋ ಇಲ್ಲವೋ ನಾನು ಕೇಳಿಕೊಳ್ಳಲಿಲ್ಲ.

ಬೇಸಿಗೆಯ ನಡುವೆ ಮೊದಲ ಕೂದಲು ಉದುರಿತು. ದಿಂಬಿನ ಮೇಲೆ, ಸ್ನಾನದ ಮನೆಯ ಜಾಲರಿಯಲ್ಲಿ, ಅಂಗಿಯ ಕಾಲರಿನಲ್ಲಿ. ನಾನೇ ಗುಡಿಸುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಗುಡಿಸುವಾಗ ಖುಷಿಯಾಗುತ್ತಿತ್ತು. ನೀರು ಕಾರಣವೆಂದರು, ನೀರು ಬದಲಾಯಿತು. ಸಾಬೂನು ಬದಲಾಯಿತು. ಸೂಗಪ್ಪ ಹೇಳಿದ ಎಣ್ಣೆ, ಸಿಕಂದರಾಬಾದಿನ ಹಕೀಮರ ಲೇಪ, ಯಾವುದೂ ನಾಟಲಿಲ್ಲ. ಮಳೆಗಾಲಕ್ಕೆ ತುಟಿಯ ಸುತ್ತ, ಮೂಗಿನ ಬದಿಯಲ್ಲಿ ಕೆಂಪು ಹೊಪ್ಪಳೆ ಎದ್ದವು. ಆಮೇಲೆ ಮೀಸೆಗೆ ಬಂತು. ಬಲಗಡೆ ತೆಳುವಾಯಿತು, ಎಡಗಡೆ ನಡುವೆ ಖಾಲಿಯಾಯಿತು. ಬಜಾರಿನಲ್ಲಿ ಜನ ಮುಖ ನೋಡಿ ಮಾತು ನುಂಗುತ್ತಾರೆಂದು ಅಂಗಡಿಗೆ ಹೋಗುವುದನ್ನೇ ಕಡಿಮೆ ಮಾಡಿದರು. ಬಲ ಬರಲೆಂದು ಹಾಲು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಬಟ್ಟೆ ತೆಗೆಯಲು ಹೋದಾಗ ಅವರು ಪುಟ್ಟ ಕನ್ನಡಿ ಹಿಡಿದು ಕುಳಿತಿದ್ದರು. ಮಡಿಲಲ್ಲಿ ಒಂದು ಹಿಡಿ ಕೂದಲು. ಅಳುತ್ತಿದ್ದರು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ, ಅಣ್ಣ ಸತ್ತಾಗಲೂ, ಆ ಮನುಷ್ಯ ಅತ್ತದ್ದನ್ನು ನಾನು ನೋಡಿರಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟೆಗಳು ಜಾರಿದವು. ಸಾಕು ಅನ್ನಿಸಿತು. ಹತ್ತಿರ ಕುಳಿತು, ಅವರ ಮೊಣಕಾಲು ಮುಟ್ಟಿ, "ಒಂದು ಮಾತು ಹೇಳ್ತೀನಿ ಕೇಳ್ರಿ," ಎಂದೆ.

ಅವರು ಮೊಣಕಾಲು ಹಿಂದೆಳೆದುಕೊಂಡರು. "ನಾನೂ ಒಂದು ಹೇಳ್ತೀನಿ. ಹಳದಿ ತಿಂದ ಕೈಲೆ ನನ್ನ ಗ್ಲಾಸ್ ತೊಳಿಬ್ಯಾಡ ಇನ್ನ. ಅದರದ ನಂಜು ಹತ್ತೈತೋ ಏನೋ ಯಾರಿಗೆ ಗೊತ್ತು."

ನಾನು ಎದ್ದು ಬಟ್ಟೆಗಳನ್ನು ಆರಿಸಿಕೊಂಡೆ. "ಆಗಲ್ರಿ, ಬ್ಯಾರೆ ಸಾಬೂನಿಲೆ ಕೈ ತೊಳಕೊಂಡು ತೊಳಿತೀನಿ," ಎಂದು ಹೇಳಿ ಕೆಳಗಿಳಿದೆ. ಮರುದಿನವೂ ಎಂಟು ಒಡೆದೆ.

ಸೆಪ್ಟೆಂಬರಿನಲ್ಲಿ ಅವರ ಪಾದಗಳು ಜೋಮು ಹಿಡಿದವು. ಗೋದಾಮಿನ ಮೆಟ್ಟಿಲಿನಲ್ಲಿ ಕಾಲು ಎಲ್ಲಿಟ್ಟೆನೆಂದು ತಿಳಿಯದೆ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ಮೊಣಕೈ ತರಚಿತು ಅಷ್ಟೆ. ಅವತ್ತು ನನಗೂ ಭಯವಾಯಿತು. ಕೂದಲು ಹೋಗಲಿ ಎಂದುಕೊಂಡಿದ್ದವಳು ನಾನು, ಕಾಲು ಹೋಗಲಿ ಎಂದುಕೊಂಡಿರಲಿಲ್ಲ. ಪಿಂಕಿ ಸಿಕಂದರಾಬಾದಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಅವಳೇ ರಜೆ ಹಾಕಿ, ತನ್ನ ಬ್ಯಾಂಕಿನ ಹತ್ತಿರದ ಒಬ್ಬ ಡಾಕ್ಟರ ಬಳಿಗೆ ಅಪ್ಪನನ್ನು ಕರೆದೊಯ್ದಳು. ನಾನೂ ಹೋದೆ. ಕೇಳಿದರೆ ಹೇಳಿಬಿಡುವುದು ಎಂದು ದಾರಿಯಲ್ಲೇ ನಿಶ್ಚಯ ಮಾಡಿದ್ದೆ.

ಡಾಕ್ಟರ್ ಶಾಂತಕುಮಾರ ವಯಸ್ಸಾದವರು, ನಮ್ಮ ಕಡೆಯ ಮಾತು ಬಲ್ಲವರು. ಕಣ್ಣಿನ ಸುತ್ತ, ಬಾಯಿಯ ಸುತ್ತ ನೋಡಿದರು. ಪಾದಕ್ಕೆ ಸೂಜಿ ಮುಟ್ಟಿಸಿದರು. ಆಮೇಲೆ ಊಟದ ಬಗ್ಗೆ ಕೇಳಿದರು.

"ಊಟದಾಗ ನಾ ಭಾಳ ಕಟ್ಟುನಿಟ್ಟು ಡಾಕ್ಟರ. ದಿನಾ ಎಂಟು ತತ್ತಿ ಬಿಳಿ, ಹಸೀದು," ಎಂದರು ನನ್ನ ಗಂಡ, ಆ ಸ್ಥಿತಿಯಲ್ಲೂ ಜಂಬದಿಂದ. "ಹಳದಿ ಮುಟ್ಟಂಗಿಲ್ಲ, ಅದನ್ನ ಈಕಿ ತಿಂತಾಳ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಸೀದು? ಎಷ್ಟು ದಿನದಿಂದ?"

"ತತ್ತಿ ಭಾಳ ವರ್ಷದಿಂದ. ಮೊದಲು ಈಕಿ ಕುದಿಯೋ ಹಾಲಿಗೆ ಹಾಕಿ ಸತ್ವ ಸುಟ್ಟು ಕೊಡ್ತಿದ್ಲು. ಈಗ ಎಂಟು ತಿಂಗಳಾತು, ಹಸೀದು ಕೊಡಾಕತ್ತಾಳ."

"ಹಂಗಾದ್ರ ಅಷ್ಟು ವರ್ಷ ನಿಮ್ಮನ್ನ ಕಾದದ್ದು ಆ ಕುದಿಯೋ ಹಾಲು," ಎಂದರು ಡಾಕ್ಟರು. ಸಪ್ನಾ ಹೇಳಿದ್ದನ್ನೇ ನಿಧಾನವಾಗಿ ವಿವರಿಸಿದರು. ರಕ್ತ ಪರೀಕ್ಷೆ ಮಾಡಿಸಬೇಕು, ಹಸಿ ಬಿಳಿ ಇವತ್ತಿನಿಂದ ಬಂದ್, ಗುಳಿಗೆ ಬರೆದುಕೊಡುತ್ತೇನೆ, ನಿಧಾನಕ್ಕೆ ಎಲ್ಲ ಸರಿಹೋಗುತ್ತದೆ. "ತತ್ತಿ ಬಿಡೋದು ಬ್ಯಾಡ. ದಿನಕ್ಕ ಒಂದು, ಪೂರಾ ಬೇಯಿಸಿದ್ದು, ಹಳದಿ ಸಮೇತ. ನಿಮಗ ಕಡಿಮಿ ಬಿದ್ದದ್ದು ಅದರಾಗೇ ಐತಿ."

"ಹಳದಿ?" ಇವರು ಕುರ್ಚಿಯಲ್ಲಿ ಹಿಂದೆ ಸರಿದರು. "ಅದು ವಿಷ ಅಲ್ಲೇನ್ರಿ?"

"ಯಾವ ವಿಷ? ನಿಮ್ಮ ಮನೆಯವರು ತಿಂತಾರಲ್ಲ, ಹೆಂಗ ಅದಾರ ನೋಡ್ರಿ."

ಇವರು ನನ್ನ ಕಡೆ ನೋಡಲಿಲ್ಲ. ನೋಡಿದವಳು ಪಿಂಕಿ. "ಅವ್ವಾ, ನೀ ಕುದಿಸೋದು ಯಾಕ ಬಿಟ್ಟಿ?" ಎಂದು ಕೇಳಿದಳು.

"ಹಸೀದು ಕೊಟ್ರ ಹಿಂಗಾಗ್ತೈತಿ ಅಂತ ಜನವರಿಯಾಗ ನನಗ ಗೊತ್ತಾತು," ಎಂದೆ. "ಅದಕ್ಕ ಬಿಟ್ಟೆ."

ಡಾಕ್ಟರು ಕಾಗದದ ಮೇಲೆ ಕಣ್ಣಿಟ್ಟುಕೊಂಡರು. ನನ್ನ ಗಂಡ ಕೊನೆಗೂ ನನ್ನ ಕಡೆ ತಿರುಗಿದರು. ಅವರ ಬೋಳು ಬೋಳಾದ ತುಟಿಯ ಮೇಲೆ ಬೆವರಿತ್ತು.

"ಗೊತ್ತಿದ್ದೂ ಕೊಟ್ಟಿ? ಎಂಟು ತಿಂಗಳು ಗೊತ್ತಿದ್ದೂ ಹೇಳಲಿಲ್ಲ?"

"ನೀವು ಒಂಬತ್ತು ವರ್ಷ ಹೇಳಲಿಲ್ರಿ," ಎಂದೆ. "ವಿಷ ಅಂತ ತಿಳಿದು ನನಗ ತಿನಿಸಿದ್ರಿ. ಗೋದಾಮಿನ್ಯಾಗ ಸೂಗಪ್ಪನ ಮುಂದ ನೀವು ಹೇಳಿದ್ದು ನಾ ಕೇಳೀನಿ. ನಾಯಿಗೆ ಸೈತ ಬ್ಯಾಡ ಅಂದ್ರಲ್ಲ, ಅದೂ ಕೇಳೀನಿ."

ಪಿಂಕಿ ಅಪ್ಪನನ್ನು ನೋಡುತ್ತ ನಿಂತಳು. ಅವಳು ಬುದ್ಧಿವಂತೆ, ಬಿಡಿಸಿ ಹೇಳಬೇಕಾಗಲಿಲ್ಲ. "ಅದಕ್ಕೇನಪ್ಪಾ, ಉಷ್ಣ ಆಗ್ತೈತಿ ಅಂತ ನನಗ ತಿನ್ನಾಕ ಬಿಡಲಿಲ್ಲ?" ಎಂದಳು. ಅವಳು ಔಷಧದ ಚೀಟಿ ತೆಗೆದುಕೊಂಡು ಹೊರಗೆ ನಡೆದಳು.

ಮರುದಿನ ಬೆಳಿಗ್ಗೆ ನಾನು ಎರಡು ಮೊಟ್ಟೆ ಬೇಯಲಿಟ್ಟೆ. ಸುಲಿದು ಎರಡು ತಟ್ಟೆಯಲ್ಲಿ ಒಂದೊಂದು ಇಟ್ಟೆ. ಇಷ್ಟು ವರ್ಷ ಅವರು ತಿಂದೆದ್ದ ಮೇಲೆ ತಿನ್ನುತ್ತಿದ್ದವಳು, ಅವತ್ತು ಎದುರಿಗೇ ಕುಳಿತೆ. ನನ್ನದನ್ನು ನಡುವೆ ಕತ್ತರಿಸಿ, ಉಪ್ಪು, ಮೆಣಸಿನಪುಡಿ ಉದುರಿಸಿ, ಹಳದಿ ಬಿಳಿ ಎರಡನ್ನೂ ಸೇರಿಸಿ ತಿಂದೆ. ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತು.

ಅವರು ತಮ್ಮದರ ಬಿಳಿಯನ್ನು ಉಗುರಿನಿಂದ ಬಿಡಿಸಿ ಬಿಡಿಸಿ ತಿಂದರು. ಹಳದಿ ಇಡಿಯಾಗಿ ತಟ್ಟೆಯ ನಡುವೆ ಉಳಿಯಿತು. ಅದನ್ನು ನೋಡುತ್ತ ಕುಳಿತರು. ಡಾಕ್ಟರು ಹೇಳಿದ್ದರೂ ಒಂಬತ್ತು ವರ್ಷದ ಹೆದರಿಕೆ ಒಂದು ರಾತ್ರಿಯಲ್ಲಿ ಹೋಗುವುದಿಲ್ಲ. ಬೆರಳು ಹತ್ತಿರ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ದಿನವೂ ನನ್ನ ಕಡೆ ಸರಿಸುತ್ತಿದ್ದ ಬಟ್ಟಲಿನಲ್ಲಿ ಅವರು ಏನನ್ನು ಕಾಣುತ್ತಿದ್ದರು ಎಂದು ನನಗೆ ಅವತ್ತು ಪೂರ್ತಿ ಗೊತ್ತಾಯಿತು. ಇಷ್ಟು ಹೆದರಿಕೆಯ ವಸ್ತುವನ್ನು ಈ ಮನುಷ್ಯ ಕೈ ನಡುಗದೆ ನನಗೆ ಕೊಟ್ಟಿದ್ದರು.

ಅವರು ತಲೆಯೆತ್ತಿದರು. ಕಣ್ಣು ಒದ್ದೆಯಾಗಿತ್ತು. ನಾನು ಮನೆದೇವರ ಮುಂದೆ ನಿಂತು ಯಾವ ಮಾತಿಗಾಗಿ ಕಾದಿದ್ದೆನೋ ಅದೇ ಮಾತು ಅವರ ಬಾಯಿಂದ ಬಂತು. ಆದರೆ ಅದು ನನ್ನ ಬಗ್ಗೆ ಆಗಿರಲಿಲ್ಲ.

"ಸುಂದರಾ, ಇದು ತಿಂದ್ರ ನನಗ ಏನೂ ಆಗಂಗಿಲ್ಲಲ್ಲ?"

ನಾನು ನನ್ನ ಬೆರಳಿಗೆ ಹತ್ತಿದ ಹಳದಿಯನ್ನು ನೆಕ್ಕಿಕೊಂಡೆ. ಅವರ ತಟ್ಟೆಯನ್ನು ಅವರ ಕಡೆ ಇನ್ನಷ್ಟು ಸರಿಸಿದೆ.

"ಆದಾಗ ನೋಡೋಣು," ಎಂದೆ. "ತಿನ್ರಿ."

ಆ ಮಾತು ಯಾರದೆಂದು ಅವರಿಗೆ ನೆನಪಾದದ್ದು ಅವರ ಮುಖದಲ್ಲೇ ಕಂಡಿತು. ನನ್ನನ್ನೇ ನೋಡಿದರು. ನಾನೂ ಕಣ್ಣು ತೆಗೆಯಲಿಲ್ಲ. ಆಮೇಲೆ ಅವರು ಹಳದಿಯನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಅಗಿಯತೊಡಗಿದರು. ಅವರು ನುಂಗುವ ತನಕ ನಾನು ಎದುರಿನಿಂದ ಏಳಲಿಲ್ಲ.